ಗಿಡ, ಹೇನು, ಇರುವೆ: ಪ್ಲಸ್ಸು ಯಾರಿಗೆ, ಮೈನಸ್ಸು ಯಾರಿಗೆ?

ಕಲ್ಲುಹೂವು:
ಎಲ್ಲರಿಗೂ ನಮಸ್ಕಾರ. ಇಕಾಲಜಿ ಈಗಷ್ಟೇ ಓದೋಕೆ ಶುರು ಮಾಡಿದೀನಿ, ಶುರುವಲ್ಲೇ ಸಿಕ್ಕಾಕೊಂಡೆ. ಜೀವಿಗಳ ನಡುವಿನ ಸಂಬಂಧಕ್ಕೆ ಒಂದು ಟೇಬಲ್ ಕೊಟ್ಟಿರ್ತಾರಲ್ಲ, ಇಬ್ಬರಿಗೂ ಲಾಭ ಆದ್ರೆ ಪ್ಲಸ್ ಪ್ಲಸ್, ಒಬ್ಬರಿಗೆ ಲಾಭ ಇನ್ನೊಬ್ಬರಿಗೆ ನಷ್ಟ ಆದ್ರೆ ಪ್ಲಸ್ ಮೈನಸ್ (ಬೇಟೆ, ಪರಾವಲಂಬನೆ ಎಲ್ಲ ಇದರಲ್ಲಿ), ಒಬ್ಬರಿಗೆ ಲಾಭ ಇನ್ನೊಬ್ಬರಿಗೆ ಏನೂ ಇಲ್ಲ ಅಂದ್ರೆ ಪ್ಲಸ್ ಸೊನ್ನೆ, ಇಬ್ಬರಿಗೂ ನಷ್ಟ ಅಂದ್ರೆ ಪೈಪೋಟಿ. ಬಾಯಿಪಾಠ ಆಯ್ತು, ತೊಂದರೆ ಇಲ್ಲ.

ಆಮೇಲೆ ಕಿಟಕಿ ಹತ್ರ ಇರೋ ಗಿಡದಲ್ಲಿ ಗಿಡಹೇನು ಹತ್ಕೊಂಡಿದ್ದು ನೋಡಿದೆ. ಕುಡಿ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಮೆತ್ಕೊಂಡಿವೆ, ಮೇಲೆಲ್ಲ ಇರುವೆ ಓಡಾಡ್ತಿವೆ. ಲೆನ್ಸ್ ಹಿಡಿದು ಅರ್ಧ ಗಂಟೆ ಕೂತೆ. ಇರುವೆ ಬಂದು ಮೀಸೆಯಲ್ಲಿ ಹೇನಿನ ಬೆನ್ನನ್ನ ಮೆಲ್ಲಗೆ ತಟ್ಟುತ್ತೆ, ಹೇನು ಹಿಂಭಾಗ ಸ್ವಲ್ಪ ಎತ್ತಿ ಒಂದೇ ಒಂದು ಹನಿ ಬಿಡುತ್ತೆ, ಗಾಜಿನ ಮಣಿ ಥರ ಹೊಳೆಯುತ್ತೆ, ಇರುವೆ ಅದನ್ನ ಹೀರ್ಕೊಂಡು ಪಕ್ಕದ ಹೇನಿನ ಹತ್ರ ಹೋಗುತ್ತೆ. ಅಷ್ಟರಲ್ಲಿ ಒಂದು ಗುಲಗಂಜಿ ಹುಳ ಬಂತು ಹೇನು ತಿನ್ನೋಕೆ, ಎರಡು ಇರುವೆ ಓಡಿ ಬಂದು ಕಾಲು ಕಚ್ಚಿ ಅದನ್ನ ಕೆಳಗೆ ಉರುಳಿಸಿಬಿಟ್ವು.

ಈಗ ನನ್ನ ಪ್ರಶ್ನೆ. ಇರುವೆ ಮತ್ತೆ ಹೇನು ಪ್ಲಸ್ ಪ್ಲಸ್, ಒಪ್ಪಿದೆ. ಹೇನು ಗಿಡದ ರಸ ಹೀರುತ್ತೆ, ಪ್ಲಸ್ ಮೈನಸ್. ಹಾಗಾದ್ರೆ ಇರುವೆಗೂ ಗಿಡಕ್ಕೂ ಏನು ಸಂಬಂಧ? ಅವು ಒಂದನ್ನೊಂದು ಮುಟ್ಟೇ ಇಲ್ಲ, ಆದ್ರೂ ಇರುವೆಯಿಂದಾನೇ ಗಿಡ ಸೊರಗ್ತಾ ಇದೆ ಅಲ್ವಾ? ಟೇಬಲ್ಲಲ್ಲಿ ಇದನ್ನ ಎಲ್ಲಿ ಬರೀಲಿ?

ಮಿಂಚುಳ್ಳಿ:
ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಇರುವೆ-ಹೇನು ಅಂದ್ರೆ ಸಹಜೀವನ, ಅಷ್ಟು ಬರೆದ್ರೆ ಸಾಕು. ಗಿಡಕ್ಕೆ ಬೇವಿನೆಣ್ಣೆ ಹೊಡೀರಿ.

ಬೇರುಗಂಟು:
ಕಲ್ಲುಹೂವು, ತಲೆ ಕೆಡಿಸ್ಕೊಂಡಿದ್ದು ಒಳ್ಳೇದೇ ಆಯ್ತು, ನೀವು ಕೈ ಇಟ್ಟಿರೋದು ಈ ವಿಷಯದ ಮರ್ಮಕ್ಕೇ. ಆ ಟೇಬಲ್ ತಪ್ಪಲ್ಲ, ಆದ್ರೆ ಅದು ಇಬ್ಬರನ್ನ ಮಾತ್ರ ಒಂದು ಕೋಣೆಗೆ ಕೂಡಿಹಾಕಿ ಲೆಕ್ಕ ಬರೆದ ಹಾಗೆ. ಹೊರಗಡೆ ಇಬ್ಬರೇ ಅಂತ ಎಲ್ಲೂ ಇರಲ್ಲ. ಇಬ್ಬರ ನಡುವೆ ಇರೋದು ಪ್ಲಸ್ಸಾ ಮೈನಸ್ಸಾ ಅಂತ ತೀರ್ಮಾನ ಮಾಡೋದು ಎಷ್ಟೋ ಸಲ ಮೂರನೆಯವರು. ನನ್ನನ್ನ ಕೇಳಿದ್ರೆ ಇಕಾಲಜಿಯಲ್ಲಿ ಮೊದಲು ಕಲಿಸಬೇಕಾದ್ದೇ ಇದು.

ನಿಮ್ಮ ಗಿಡದಿಂದಾನೇ ಶುರು ಮಾಡೋಣ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಅಮೈನೋ ಆಮ್ಲ ಬಹಳ ಕಮ್ಮಿ. ಮೈ ಬೆಳೆಸೋಕೆ ಸಾಕಾಗೋಷ್ಟು ಸಾರಜನಕ ಬೇಕು ಅಂದ್ರೆ ಹೇನು ಸುಮ್ಮನೆ ಹೀರ್ತಾನೇ ಇರಬೇಕು, ಹಾಗೆ ಹೀರಿದ್ರಲ್ಲಿ ಬೇಡದ ಸಕ್ಕರೆ ಹೊರಗೆ ಹೋಗಲೇಬೇಕು, ನೀವು ನೋಡಿದ ಹನಿ ಅದೇ. ಇಷ್ಟಾದ್ರೂ ಕೆಲವು ಅಮೈನೋ ಆಮ್ಲ ಸಿಗಲ್ಲ, ಅದನ್ನ ಹೇನಿನ ಜೀವಕೋಶಗಳ ಒಳಗೆ ವಾಸ ಮಾಡೋ ಬುಕ್ನೆರಾ ಅನ್ನೋ ಬ್ಯಾಕ್ಟೀರಿಯಾ ತಯಾರಿಸಿ ಕೊಡುತ್ತೆ. ಅಂದ್ರೆ ನೀವು ಹೇನು ಅಂತ ಒಂದು ಹೆಸರು ಬರೆದ್ರಲ್ಲ, ಅಲ್ಲೇ ಇಬ್ಬರಿದ್ದಾರೆ.

ಇನ್ನು ಇರುವೆ-ಗಿಡ. ಮುಟ್ಟದೇನೇ ಆಗೋ ಇದನ್ನ ಪರೋಕ್ಷ ಪರಿಣಾಮ ಅಂತಾರೆ. ನಿಮ್ಮ ಗಿಡದಲ್ಲಿ ಅದು ಮೈನಸ್ ಅನ್ನಿಸ್ತಿದೆ. ಆದ್ರೆ ಗೋಲ್ಡನ್‌ರಾಡ್ ಅನ್ನೋ ಹಳದಿ ಹೂವಿನ ಗಿಡದಲ್ಲಿ ಇಂಥದ್ದೇ ರಸ ಹೀರೋ ಕೀಟಗಳನ್ನ ಇರುವೆ ಕಾಯ್ತಿತ್ತು, ಅದೇ ಗಿಡಕ್ಕೆ ಎಲೆ ತಿಂದು ಬೋಳು ಮಾಡೋ ಒಂದು ದುಂಬಿ ಕೂಡ ಬರ್ತಿತ್ತು. ಇರುವೆಗಳು ಆ ದುಂಬಿಯನ್ನೂ ಅದರ ಮರಿಗಳನ್ನೂ ಓಡಿಸ್ತಿದ್ವು. 1981ರಲ್ಲಿ ಪ್ರಕಟ ಆದ ಆ ಅಧ್ಯಯನದಲ್ಲಿ ಇರುವೆ ಮತ್ತೆ ರಸಹೀರುಕ ಎರಡೂ ಇದ್ದ ಗಿಡಗಳೇ ಎತ್ತರ ಬೆಳೆದು ಜಾಸ್ತಿ ಬೀಜ ಕಟ್ಟಿದ್ವು. ರಸ ಹೋದ್ರೆ ಹೋಗಲಿ, ಎಲೆ ಉಳೀತಲ್ಲ. ಪಾತ್ರಧಾರಿಗಳು ನಿಮ್ಮ ಗಿಡದಲ್ಲಿರೋರ ಥರದವರೇ, ದುಂಬಿ ಅಂತ ಇನ್ನೊಬ್ಬರು ಸೇರಿದ್ದಕ್ಕೆ ಮೈನಸ್ ಹೋಗಿ ಪ್ಲಸ್ ಆಯ್ತು.

ಇದಕ್ಕೂ ದೊಡ್ಡ ಉದಾಹರಣೆ ರಾಬರ್ಟ್ ಪೇಯ್ನ್ ಅವರದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕರಾವಳೀಲಿ, 1963ರಿಂದ, ಬಂಡೆ ದಡದ ಸುಮಾರು 8 ಮೀಟರ್ ಉದ್ದದ ಒಂದು ತುಂಡಲ್ಲಿ ನಕ್ಷತ್ರಮೀನುಗಳನ್ನ ಹಾರೆಯಲ್ಲಿ ಮೀಟಿ ಕಿತ್ತು ಸಮುದ್ರಕ್ಕೆ ಎಸೀತಾ ಬಂದ್ರು. ಪಕ್ಕದ ತುಂಡನ್ನ ಹಾಗೇ ಬಿಟ್ರು. ನಕ್ಷತ್ರಮೀನು ಅಲ್ಲಿನ ದೊಡ್ಡ ಬೇಟೆಗಾರ, ಚಿಪ್ಪಿನ ಜೀವಿಗಳನ್ನ ತಿನ್ನುತ್ತೆ. ಅದನ್ನ ತೆಗೆದ್ರೆ ಉಳಿದೋರೆಲ್ಲ ಆರಾಮಾಗಿ ಬದುಕಬೇಕು ಅಂತ ಅಲ್ವಾ ಅನ್ಸೋದು? ಆಗಿದ್ದು ತದ್ವಿರುದ್ಧ. 1966ರಲ್ಲಿ ಅವರು ಬರೆದಾಗ ಅಲ್ಲಿದ್ದ 15 ಜಾತಿ 8ಕ್ಕೆ ಇಳಿದಿತ್ತು. ಬಂಡೆ ಮೇಲೆ ಜಾಗ ಹಿಡಿಯೋದ್ರಲ್ಲಿ ಮಸಲ್ ಅನ್ನೋ ಕಪ್ಪು ಚಿಪ್ಪಿಯನ್ನ ಮೀರಿಸೋರಿಲ್ಲ, ಅದನ್ನ ತಿಂದು ತಿಂದು ಜಾಗ ತೆರವು ಮಾಡಿಕೊಡ್ತಿದ್ದೋನು ನಕ್ಷತ್ರಮೀನು. ಅವನು ಹೋದ, ಚಿಪ್ಪಿ ಹಬ್ಬಿತು, ಪಾಚಿ-ಶಂಬುಕಗಳಿಗೆ ಕಾಲಿಡೋಕೆ ಜಾಗ ಇಲ್ಲ. ಇಂಥ ಜೀವಿಗೆ 1969ರಲ್ಲಿ ಅವರೇ ಕೀಸ್ಟೋನ್ ಪ್ರಭೇದ ಅಂತ ಹೆಸರಿಟ್ರು, ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂರಿಸ್ತಾರಲ್ಲ, ಅದನ್ನ ಎಳೆದ್ರೆ ಉಳಿದ ಕಲ್ಲುಗಳೂ ಬೀಳೋ ಆ ಕಲ್ಲು.

ಹಾಗಾಗಿ ನಕ್ಷತ್ರಮೀನಿಗೂ ಪಾಚಿಗೂ ಸಂಬಂಧ ಏನು ಅಂತ ಕೇಳಿದ್ರೆ ಟೇಬಲ್ ಬಾಯಿ ಮುಚ್ಕೊಂಡು ಕೂರುತ್ತೆ, ಆದ್ರೆ ಪಾಚಿಯ ಬದುಕು ನಿಂತಿರೋದೇ ಅದರ ಮೇಲೆ.

ಕಲ್ಲುಹೂವು:
ಅಕ್ಕಾ ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಇನ್ನೂ ಎರಡು ಕೇಳ್ತೀನಿ. ಒಂದು, ಪಾಪ್ಯುಲೇಶನ್ನು, ಸಮುದಾಯ, ಇಕೋಸಿಸ್ಟಮ್ಮು ಇವು ಮೂರೂ ನಂಗೆ ಕಲಸುಮೇಲೋಗರ ಆಗಿದೆ. ಎರಡು, ಬೇಟೆ ಕಣ್ಣಿಗೆ ಕಾಣುತ್ತೆ, ಪೈಪೋಟಿ ನಡೀತಿದೆ ಅಂತ ಗೊತ್ತಾಗೋದು ಹೇಗೆ? ಎರಡು ಗಿಡ ಪಕ್ಕಪಕ್ಕ ಸುಮ್ನೆ ನಿಂತಿರ್ತವೆ ಅಷ್ಟೇ ಅಲ್ವಾ.

ಹಳೇ ಕರಿಹಲಗೆ:
ಮೊದಲನೇದಕ್ಕೆ ನಾನು ಹೇಳ್ತೀನಿ, ಎರಡನೇದನ್ನ ಬೇರುಗಂಟು ಮೇಡಂ ಹೇಳಲಿ. ಒಂದು ಕೆರೆ ಅಂತ ಇಟ್ಕೊಳಪ್ಪ. ಅದರಲ್ಲಿರೋ ಒಂದೇ ಜಾತಿಯ ಕಪ್ಪೆಗಳೆಲ್ಲ ಸೇರಿ ಒಂದು ಪಾಪ್ಯುಲೇಶನ್. ಕಪ್ಪೆ, ಮೀನು, ಪಾಚಿ, ಸೊಳ್ಳೆಮರಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅಷ್ಟೂ ಜೀವಿಗಳು ಸೇರಿದ್ರೆ ಸಮುದಾಯ. ಅದಕ್ಕೆ ನೀರು, ಬಿಸಿಲು, ಕೆಸರು, ನೀರಲ್ಲಿ ಕರಗಿರೋ ಆಮ್ಲಜನಕ ಎಲ್ಲ ಸೇರಿಸಿದ್ರೆ ಇಕೋಸಿಸ್ಟಮ್. ಇಕಾಲಜಿ ಅನ್ನೋ ಪದವನ್ನ ಅರ್ನ್ಸ್ಟ್ ಹೆಕೆಲ್ 1866ರಲ್ಲೇ ಹುಟ್ಟಿಸಿದ್ರು, ಗ್ರೀಕಿನ ಮನೆ ಅನ್ನೋ ಶಬ್ದದಿಂದ. ಇಕೋಸಿಸ್ಟಮ್ ಪದ ಬಂದಿದ್ದು 1935ರಲ್ಲಿ, ಆರ್ಥರ್ ಟಾನ್ಸ್ಲಿ ಅವರಿಂದ. ಜೀವಿಗಳನ್ನ ಅವು ನಿಂತಿರೋ ಮಣ್ಣು-ಗಾಳಿಯಿಂದ ಬಿಡಿಸಿ ನೋಡೋಕಾಗಲ್ಲ ಅಂತ ಅವರ ವಾದ.

ಇದರಲ್ಲಿ ಹುಡುಗರು ಪದೇ ಪದೇ ಎಡವೋ ಒಂದು ಜಾಗ ಇದೆ, ಅದನ್ನೂ ಹೇಳಿಬಿಡ್ತೀನಿ. ಪೋಷಕಾಂಶ ಸುತ್ತುತ್ತೆ, ಶಕ್ತಿ ಸುತ್ತಲ್ಲ. ಎಲೆ ಉದುರಿತು, ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳ ಎಲ್ಲ ಸೇರಿ ಅದನ್ನ ಪುಡಿ ಮಾಡಿ ಕೊಳೆಸಿದ್ವು, ಅದರಲ್ಲಿದ್ದ ಸಾರಜನಕ ರಂಜಕ ಮತ್ತೆ ಬೇರಿಗೆ ಹೋಯ್ತು, ಇದು ಎಷ್ಟು ಸಲ ಬೇಕಾದ್ರೂ ಸುತ್ತಬಹುದು. ಶಕ್ತಿ ಹಾಗಲ್ಲ. ಸೂರ್ಯನಿಂದ ಬಂತು, ಗಿಡ ಹಿಡೀತು, ಮಿಡತೆ ತಿಂತು, ಕಪ್ಪೆ ತಿಂತು, ಪ್ರತಿ ಹಂತದಲ್ಲೂ ಉಸಿರಾಟ ಓಡಾಟ ಅಂತ ಬಹುಪಾಲು ಶಾಖವಾಗಿ ಹೋಗಿಬಿಡುತ್ತೆ, ಮತ್ತೆ ವಾಪಸ್ ಬರಲ್ಲ. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟೋದು ಅಂದಾಜು 10 ಪರ್ಸೆಂಟ್, ಜಾಗ ನೋಡ್ಕೊಂಡು ಹೆಚ್ಚುಕಮ್ಮಿ ಆಗುತ್ತೆ. ಗಿಡದಲ್ಲಿ 10,000 ಇದ್ರೆ ಮಿಡತೆಗೆ 1,000, ಕಪ್ಪೆಗೆ 100, ಕಪ್ಪೆ ತಿನ್ನೋ ಹಾವಿಗೆ 10. ಆಹಾರ ಸರಪಳಿ ನಾಲ್ಕೈದು ಕೊಂಡಿಗಿಂತ ಉದ್ದ ಬೆಳೆಯೋದು ಅಪರೂಪ ಯಾಕೆ, ಹುಲಿ ಜಿಂಕೆಯಷ್ಟು ಸಂಖ್ಯೆಯಲ್ಲಿ ಯಾಕಿಲ್ಲ, ಎರಡಕ್ಕೂ ಉತ್ತರ ಇಲ್ಲಿಂದ ಶುರುವಾಗುತ್ತೆ. ಈ ಶಕ್ತಿ ಲೆಕ್ಕಕ್ಕೆ ಬುನಾದಿ ಹಾಕಿದ್ದು ರೇಮಂಡ್ ಲಿಂಡ್‌ಮನ್, 1942ರ ಪ್ರಬಂಧದಲ್ಲಿ, ಒಂದು ಸಣ್ಣ ಕೆರೆಯನ್ನ ವರ್ಷಗಟ್ಟಲೆ ಅಳೆದು. ಅದೇ ವರ್ಷ 26ನೇ ವಯಸ್ಸಿಗೇ ತೀರ್ಕೊಂಡ್ರು. ಪಾಠ ಮಾಡೋವಾಗ ಈ ಮಾತು ಬಂದಾಗೆಲ್ಲ ನನಗೆ ಒಂದು ಕ್ಷಣ ಮಾತು ನಿಂತುಹೋಗ್ತಿತ್ತು.

ಬೇರುಗಂಟು:
ಸರ್ ಹೇಳಿದ ಮೇಲೆ ಆ ಭಾಗದಲ್ಲಿ ಸೇರಿಸೋಕೆ ಏನಿಲ್ಲ. ಪೈಪೋಟಿ ವಿಷಯಕ್ಕೆ ಬರ್ತೀನಿ. ಪೈಪೋಟಿ ಕಣ್ಣಿಗೆ ಕಾಣಲ್ಲ ಅನ್ನೋದು ಸರಿಯಾದ ಮಾತು, ಯಾಕಂದ್ರೆ ಸೋತವರು ಅಲ್ಲಿ ಇರೋದೇ ಇಲ್ಲ. ಅದನ್ನ ತಿಳ್ಕೊಳ್ಳೋಕೆ ಒಂದೇ ನೇರ ದಾರಿ, ಒಬ್ಬರನ್ನ ತೆಗೆದು ಇನ್ನೊಬ್ಬರು ಏನ್ಮಾಡ್ತಾರೆ ಅಂತ ನೋಡೋದು. ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ದಡದಲ್ಲಿ ಮಾಡಿದ್ದು ಅದನ್ನೇ, 1961ರಲ್ಲಿ ಪ್ರಕಟಿಸಿದ್ರು. ಬಂಡೆಗೆ ಅಂಟ್ಕೊಂಡು ಬದುಕೋ ಬಾರ್ನಕಲ್ ಅನ್ನೋ ಜೀವಿಗಳು ಎರಡು ಜಾತಿ, ಒಂದು ಬಂಡೆಯ ಮೇಲ್ಭಾಗದಲ್ಲಿ ಮಾತ್ರ, ಇನ್ನೊಂದು ಕೆಳಗಡೆ. ನೋಡಿದೋರು ಏನಂದ್ಕೋತಾರೆ, ಮೇಲಿನದಕ್ಕೆ ಮೇಲೇ ಇಷ್ಟ ಅಂತ. ಇವರು ಕೆಳಗಿನ ಜಾತಿಯನ್ನ ಕೆರೆದು ತೆಗೆದ್ರು, ಮೇಲಿನದು ಕೆಳಗಡೆಯೂ ಚೆನ್ನಾಗೇ ಬೆಳೀತು! ಅದು ಮೇಲಿದ್ದದ್ದು ಇಷ್ಟಪಟ್ಟಲ್ಲ, ಕೆಳಗಿನೋರು ಅದರ ಮೇಲೇ ಬೆಳೆದು, ಬುಡದಿಂದ ಎಬ್ಬಿಸಿ ಕೊಲ್ತಿದ್ರು. ಹಾಗಾದ್ರೆ ಬಲಶಾಲಿ ಪೂರ್ತಿ ಬಂಡೆ ಯಾಕೆ ಹಿಡಿಯಲಿಲ್ಲ ಅಂದ್ರೆ, ನೀರು ಇಳಿದಾಗ ಮೇಲ್ಗಡೆ ಒಣ ಹವೆ ಅದಕ್ಕೆ ತಡೆಯಲ್ಲ. ಇಲ್ಲಿ ಮೂರನೆಯವರು ಜೀವಿಯೇ ಅಲ್ಲ, ಬಿಸಿಲು ಮತ್ತೆ ಸಮುದ್ರದ ಏರಿಳಿತ.

ಗಾಸ್ ಅನ್ನೋ ರಷ್ಯನ್ ವಿಜ್ಞಾನಿ 1934ರಲ್ಲೇ ಇದನ್ನ ಗಾಜಿನ ನಳಿಗೆಯಲ್ಲಿ ತೋರಿಸಿದ್ರು. ಪ್ಯಾರಮೀಸಿಯಂ ಗೊತ್ತಲ್ಲ, ಚಪ್ಪಲಿ ಆಕಾರದ ಏಕಕೋಶ ಜೀವಿ. ಅದರಲ್ಲಿ ಆರೀಲಿಯ, ಕಾಡೇಟಂ ಅಂತ ಎರಡು ಜಾತಿ, ಬೇರೆಬೇರೆ ಸಾಕಿದ್ರೆ ಎರಡೂ ಚೆನ್ನಾಗಿರ್ತವೆ, ಒಟ್ಟಿಗೆ ಹಾಕಿದ್ರೆ ಕಾಡೇಟಂ ನಿರ್ನಾಮ. ಒಂದೇ ಥರ ಬದುಕೋ ಇಬ್ಬರಿಗೆ ಒಂದೇ ಜಾಗ ಸಾಲಲ್ಲ ಅಂತ ಪುಸ್ತಕದಲ್ಲಿ ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ನಂಗೆ ಇಷ್ಟ ಆಗೋದು ಮುಂದಿನ ಭಾಗ. ಅದೇ ಕಾಡೇಟಂ ಜೊತೆ ಬರ್ಸೇರಿಯ ಅನ್ನೋ ಮೂರನೇ ಜಾತಿ ಹಾಕಿದ್ರು, ಎರಡೂ ಉಳಿದ್ವು, ಒಂದು ಮೇಲೆ ತೇಲೋ ಬ್ಯಾಕ್ಟೀರಿಯಾ ತಿಂದ್ಕೊಂಡು, ಇನ್ನೊಂದು ತಳದಲ್ಲಿರೋ ಯೀಸ್ಟ್ ತಿಂದ್ಕೊಂಡು. ತಳದಲ್ಲಿ ಆಮ್ಲಜನಕ ಕಮ್ಮಿ, ಅಲ್ಲಿ ಬದುಕೋದು ಸುಲಭ ಅಲ್ಲ, ಆದ್ರೆ ಬರ್ಸೇರಿಯ ಮೈಯೊಳಗೆ ಹಸಿರು ಪಾಚಿ ಇಟ್ಕೊಂಡಿರುತ್ತೆ, ಆ ಪಾಚಿ ಬೆಳಕಲ್ಲಿ ಆಮ್ಲಜನಕ ಕೊಡುತ್ತೆ. ಒಳಗಿನ ಪಾಚಿ ಜೊತೆಗಿನ ಸಹಜೀವನ ಹೊರಗಿನ ಪೈಪೋಟಿಯನ್ನ ತಪ್ಪಿಸ್ತು.

ಮಿಂಚುಳ್ಳಿ:
ಮೊದಲು ನಾನು ಸ್ವಲ್ಪ ಅವಸರದಲ್ಲಿ ಉತ್ತರ ಕೊಟ್ಟೆ, ಕ್ಷಮಿಸಿ, ಈಗ ಪೂರ್ತಿ ಓದ್ತಾ ಇದೀನಿ. ಆದ್ರೂ ಒಂದು ಮಾತಿಗೆ ಒಪ್ಪಿಗೆ ಇಲ್ಲ. ಕೆಲವು ಸಂಬಂಧ ಆದ್ರೂ ಗಟ್ಟಿ ಇರ್ಬೇಕಲ್ವಾ? ಅತ್ತಿಹಣ್ಣು ಬಿಚ್ಚಿ ನೋಡಿದ್ರೆ ಬರೀ ಹುಳ ಅಂತ ಗಾದೆ ಇದೆ, ಆ ಹುಳ ಇಲ್ದಿದ್ರೆ ಅತ್ತಿಗೆ ಬೀಜ ಇಲ್ಲ, ಅತ್ತಿ ಇಲ್ದಿದ್ರೆ ಹುಳಕ್ಕೆ ಮೊಟ್ಟೆ ಇಡೋಕೆ ಜಾಗ ಇಲ್ಲ. ಕೋಟ್ಯಂತರ ವರ್ಷದಿಂದ ಹೀಗೇ ಇದೆ. ಇಲ್ಲಿ ಮೂರನೆಯವರು ಯಾರು? ಇನ್ನೊಂದು, ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳ ಬಿಟ್ಟಿದ್ದಕ್ಕೆ ನದಿಯ ದಿಕ್ಕೇ ಬದಲಾಯ್ತು ಅಂತ ವಿಡಿಯೋ ಓಡಾಡುತ್ತಲ್ಲ, ಅದು ನಿಮ್ಮ ನಕ್ಷತ್ರಮೀನಿನ ಕಥೆ ಥರಾನೇ ಅಲ್ವಾ?

ಬೇರುಗಂಟು:
ಮಿಂಚುಳ್ಳಿ ಅವರೇ, ಕ್ಷಮೆ ಎಲ್ಲ ಯಾಕೆ, ಕೇಳಿದ್ದು ಒಳ್ಳೇ ಪ್ರಶ್ನೆ. ಅತ್ತಿಯ ಉದಾಹರಣೆ ಗಟ್ಟಿಯಾದದ್ದೇ. ಆದ್ರೆ ಅದರಲ್ಲೂ ಮೂರನೆಯವರಿದ್ದಾರೆ. ಪರಾಗ ತರೋ ಕಣಜ ಒಳಗೆ ಹೋಗುತ್ತೆ, ಇನ್ನು ಕೆಲವು ಕಣಜಗಳು ಪರಾಗ ಗಿರಾಗ ಏನೂ ತರದೇ, ಹೊರಗಿಂದಾನೇ ಉದ್ದ ಸೂಜಿಯಂಥ ಅಂಗ ಚುಚ್ಚಿ ಕಾಯಿಯೊಳಗೆ ಮೊಟ್ಟೆ ಇಡ್ತವೆ. ಆ ಬಿಟ್ಟಿ ಕಣಜಗಳನ್ನ ಕಾಯಿ ಮೇಲೆ ಓಡಾಡೋ ಇರುವೆಗಳು ಹಿಡಿದು ತಿಂತವೆ. ಅಲ್ಲೂ ಇರುವೆ!

ಸಹಜೀವನ ಅಂದ್ರೆ ಪ್ರೀತಿ ಅಲ್ಲ, ಎರಡೂ ಕಡೆ ಖರ್ಚಿರೋ ಕೊಡುಕೊಳ್ಳುವಿಕೆ. ಕೀನ್ಯಾದಲ್ಲಿ ಒಂದು ಜಾತಿ ಅಕೇಶಿಯ ಮರ ಇದೆ, ಮುಳ್ಳಿನ ಬುಡ ಉಬ್ಬಿ ಟೊಳ್ಳಾಗಿರುತ್ತೆ, ಒಳಗೆ ಇರುವೆ ಮನೆ ಮಾಡುತ್ತೆ, ಮರ ಸಿಹಿ ರಸಾನೂ ಕೊಡುತ್ತೆ, ಬದಲಿಗೆ ಆನೆ ಜಿರಾಫೆ ಬಾಯಿ ಹಾಕಿದ್ರೆ ಇರುವೆ ಮುತ್ತಿ ಕಚ್ಚುತ್ತೆ. ಹತ್ತು ವರ್ಷ ಬೇಲಿ ಹಾಕಿ ದೊಡ್ಡ ಪ್ರಾಣಿಗಳನ್ನ ಹೊರಗಿಟ್ಟು ನೋಡಿದ್ರು, ವರದಿ ಬಂದಿದ್ದು 2008ರಲ್ಲಿ. ಆನೆ ಕಾಟ ಇಲ್ಲ, ಮರಕ್ಕೆ ಹಬ್ಬ ಅನ್ಕೋತೀವಿ. ಕಾಟ ಇಲ್ಲ ಅಂತ ಮರ ಸಿಹಿ ರಸಾನೂ ಉಬ್ಬಿದ ಮುಳ್ಳುಗಳನ್ನೂ ಕಮ್ಮಿ ಮಾಡ್ತು, ಕಾವಲಿನ ಇರುವೆಗಳು ಸೊರಗಿದ್ವು, ಅವುಗಳ ಜಾಗಕ್ಕೆ ಕಾವಲು ಕಾಯದ ಇನ್ನೊಂದು ಜಾತಿ ಇರುವೆ ಬಂತು, ಅದು ಕಾಂಡ ಕೊರೆಯೋ ದುಂಬಿಗಳಿಗೆ ದಾರಿ ಮಾಡಿಕೊಡ್ತು, ಯಾಕಂದ್ರೆ ಆ ಇರುವೆ ವಾಸ ಮಾಡೋದು ಆ ತೂತುಗಳಲ್ಲೇ. ಕೊನೆಗೆ ಬೇಲಿಯೊಳಗಿನ ಮರಗಳ ಬೆಳವಣಿಗೆ ಕುಂಠಿತ ಆಗಿ, ಸಾಯೋದೂ ಜಾಸ್ತಿ ಆಯ್ತು. ಮರಕ್ಕೂ ಇರುವೆಗೂ ಇದ್ದ ಸ್ನೇಹವನ್ನ ಹಿಡಿದಿಟ್ಟಿದ್ದು ಅವರ ಶತ್ರು ಆನೆ. ಇದನ್ನ ಮೊದಲ ಸಲ ಓದಿದ ದಿನ ನಂಗೆ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗ್ಲೂ.

ನನ್ನ ಹೆಸರಿನ ಬೇರುಗಂಟೂ ಹಾಗೇ. ದ್ವಿದಳ ಗಿಡ ಒಂದನ್ನ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ, ಕಾಳಿನಂಥ ಗಂಟುಗಳಿರ್ತವೆ, ಉಗುರಲ್ಲಿ ಸೀಳಿದ್ರೆ ಒಳಗೆ ಮಾಂಸದ ಥರ ಗುಲಾಬಿ ಕೆಂಪು, ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ ಲೆಗ್‌ಹಿಮೋಗ್ಲೋಬಿನ್. ಕೆಂಪಿದ್ರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡೀತಿದೆ ಅಂತ ಅರ್ಥ. ಆದ್ರೆ ಮಣ್ಣಿಗೆ ನೈಟ್ರೇಟ್ ಗೊಬ್ಬರ ಸುರಿದ್ರೆ ಗಿಡ ಗಂಟು ಕಟ್ಟೋದನ್ನೇ ಕಮ್ಮಿ ಮಾಡುತ್ತೆ, ಸುಮ್ನೆ ಸಕ್ಕರೆ ಯಾಕೆ ಕೊಡಬೇಕು ಅಂತ. 2003ರಲ್ಲಿ ಸೋಯಾ ಗಿಡದ ಮೇಲೆ ಇನ್ನೊಂದು ಪ್ರಯೋಗ ಆಯ್ತು, ಕೆಲವು ಗಂಟುಗಳ ಸುತ್ತ ಸಾರಜನಕ ಇಲ್ಲದ ಗಾಳಿ ಕೊಟ್ಟು ಬ್ಯಾಕ್ಟೀರಿಯಾ ಕೆಲಸ ಮಾಡೋಕೇ ಆಗದ ಹಾಗೆ ಮಾಡಿದ್ರು, ಗಿಡ ಆ ಗಂಟುಗಳಿಗೆ ಆಮ್ಲಜನಕ ಬಿಗಿ ಹಿಡೀತು, ಒಳಗಿನ ಬ್ಯಾಕ್ಟೀರಿಯಾ ಸಂಖ್ಯೆ ಇಳೀತು. ಲೆಕ್ಕ ಅಷ್ಟು ಖಡಕ್ಕು.

ತೋಳದ ವಿಷಯದಲ್ಲಿ ಸ್ವಲ್ಪ ಜೋಪಾನ. 1995-96ರಲ್ಲಿ ತೋಳ ತಂದು ಬಿಟ್ಟಿದ್ದು, ಆಮೇಲೆ ಎಲ್ಕ್ ಜಿಂಕೆ ಕಮ್ಮಿ ಆಗಿದ್ದು, ಕೆಲವು ಕಡೆ ಅವು ಮೇಯೋ ವಿಲೋ ಗಿಡ ಚಿಗುರಿದ್ದು ನಿಜ. ಆದ್ರೆ ಅದೇ ಕಾಲದಲ್ಲಿ ಕರಡಿ, ಕೂಗರ್, ಬೇಟೆಗಾರರು, ಬರಗಾಲ ಎಲ್ಲ ಇತ್ತು, ತೊರೆಗೆ ಅಡ್ಡಕಟ್ಟೆ ಕಟ್ಟೋ ಬೀವರ್ ಅನ್ನೋ ಪ್ರಾಣಿ ಹೋಗಿ ತೊರೆಗಳು ಆಳ ಕೊರೆದುಬಿಟ್ಟ ಕಡೆ ವಿಲೋ ಸರಿಯಾಗಿ ವಾಪಸ್ ಬರಲೂ ಇಲ್ಲ. ಎಷ್ಟು ಪಾಲು ತೋಳದ್ದು ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡ್ತಿದ್ದಾರೆ. ಪೇಯ್ನ್ ಅವರ ಪ್ರಯೋಗಕ್ಕೆ ಪಕ್ಕದಲ್ಲೇ ಮುಟ್ಟದ ತುಂಡಿತ್ತು ಹೋಲಿಸೋಕೆ, ತೋಳಕ್ಕೆ ಇನ್ನೊಂದು ಯೆಲ್ಲೋಸ್ಟೋನ್ ಎಲ್ಲಿಂದ ತರೋದು?

ಸಗಣಿಹುಳ:
ಮೇಡಮ್ಮಾರ, ಭಾಳ ಚಲೋ ಬರದೀರಿ. ನಂದೊಂದು ಪ್ರಶ್ನೆ ಐತ್ರಿ. ಪರಾವಲಂಬಿ ತನ್ನ ಆಸರೆ ಜೀವಿನ ಕೊಲ್ಲಂಗಿಲ್ಲ, ಕೊಂದ್ರ ತನಗ ನೆಲಿ ಇಲ್ಲ, ಅದಕ್ಕ ದಿನಾ ಹೋದಂಗ ಸೌಮ್ಯ ಆಗತೈತಿ ಅಂತಾರಲ್ರಿ, ಖರೇನ ಅದು?

ಬೇರುಗಂಟು:
ಅರ್ಧ ಖರೆ ರೀ. ಆಸ್ಟ್ರೇಲಿಯಾದಲ್ಲಿ ಮೊಲಗಳ ಹಾವಳಿ ತಡೆಯೋಕೆ 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ರು. ಮೊದಲು ಸೋಂಕು ತಗುಲಿದ ಮೊಲಗಳಲ್ಲಿ 99 ಪರ್ಸೆಂಟಿಗೂ ಜಾಸ್ತಿ ಸತ್ವು. ಕೆಲವೇ ವರ್ಷದಲ್ಲಿ ಸ್ವಲ್ಪ ಮೆತ್ತಗಿನ ತಳಿಗಳು ಮೇಲುಗೈ ಪಡೆದ್ವು, ಆದ್ರೆ ಪೂರ್ತಿ ಸೌಮ್ಯ ಆಗಲಿಲ್ಲ, ಅವೂ ಹೆಚ್ಚಿನ ಮೊಲಗಳನ್ನ ಕೊಲ್ತಾನೇ ಇದ್ವು. ಕಾರಣ ಸೊಳ್ಳೆ. ವೈರಸ್ಸನ್ನ ಮೊಲದಿಂದ ಮೊಲಕ್ಕೆ ಒಯ್ಯೋದು ಸೊಳ್ಳೆ, ಅದು ಕಚ್ಚೋದು ಬದುಕಿರೋ ಮೊಲವನ್ನ. ಬೇಗ ಕೊಂದ್ರೆ ಸೊಳ್ಳೆಗೆ ಸಿಗಲ್ಲ, ತೀರಾ ಮೆತ್ತಗಾದ್ರೆ ಚರ್ಮದ ಗಾಯದಲ್ಲಿ ವೈರಸ್ ಸಾಕಷ್ಟಿರಲ್ಲ, ಸೊಳ್ಳೆ ಬಾಯಿಗೆ ಅಂಟಲ್ಲ. ಹಾಗಾಗಿ ನಡುವೆ ಎಲ್ಲೋ ನಿಲ್ತು. ಅದೇ ಕಾಲರಾ ಥರ ನೀರಲ್ಲಿ ಹರಡೋ ರೋಗಕ್ಕೆ ರೋಗಿ ಎದ್ದು ಓಡಾಡಲೇಬೇಕು ಅಂತಿಲ್ಲ, ಅದಕ್ಕೆ ಮೆತ್ತಗಾಗೋ ಒತ್ತಡವೂ ಅಷ್ಟಿಲ್ಲ.

ಮೊಲ ಅಂದಾಗ ಇದನ್ನೂ ಹೇಳ್ತೀನಿ. ಕೆನಡಾದ ಕಾಡಲ್ಲಿ ಸ್ನೋಶೂ ಮೊಲ ಮತ್ತೆ ಅದನ್ನ ತಿನ್ನೋ ಲಿಂಕ್ಸ್ ಬೆಕ್ಕು ಸುಮಾರು 10 ವರ್ಷಕ್ಕೊಂದು ಸಲ ಒಟ್ಟೊಟ್ಟಿಗೆ ಏರಿ ಇಳೀತವೆ. ಬೆಕ್ಕು ಕಾರಣವೋ, ಮೊಲಕ್ಕೆ ಮೇವು ಮುಗಿಯೋದು ಕಾರಣವೋ ಅಂತ ದೊಡ್ಡ ಚರ್ಚೆ. ಯೂಕಾನ್‌ನಲ್ಲಿ ದೊಡ್ಡ ದೊಡ್ಡ ತುಂಡು ಕಾಡಲ್ಲಿ ಪರೀಕ್ಷೆ ಮಾಡಿ 1995ರಲ್ಲಿ ವರದಿ ಕೊಟ್ರು: ಬೇಟೆ ಪ್ರಾಣಿಗಳನ್ನ ಹೊರಗಿಟ್ರೆ ಮೊಲ 2 ಪಟ್ಟು, ಮೇವು ಹಾಕಿದ್ರೆ 3 ಪಟ್ಟು, ಎರಡೂ ಮಾಡಿದ್ರೆ 11 ಪಟ್ಟು! ಎರಡನ್ನ ಮೂರರಿಂದ ಗುಣಿಸಿದ್ರೂ ಆರೇ ಬರೋದು. ಬಿಡಿಬಿಡಿಯಾಗಿ ಅಳೆದು ಆಮೇಲೆ ಸೇರಿಸ್ತೀವಿ ಅಂದ್ರೆ ಸಿಗೋ ಲೆಕ್ಕ ಅಲ್ಲ ಇದು.

ಕಲ್ಲುಹೂವು:
ಬೇವಿನೆಣ್ಣೆ ಹೊಡೆಯೋಕೆ ಮುಂಚೆ ಇನ್ನೊಂದು ಸಲ ಲೆನ್ಸ್ ಹಿಡಿದೆ. ಇರುವೆ ಓಡಾಡದ ಒಂದು ಎಲೆ ಕೆಳಗೆ ನಾಲ್ಕೈದು ಹೇನು ಅಲ್ಲಾಡದೇ ಕೂತಿವೆ, ಬಣ್ಣ ಒಣಹುಲ್ಲಿನ ಥರ ಕಂದು, ಗುಂಡಗೆ ಉಬ್ಬಿವೆ, ಮುಟ್ಟಿದ್ರೆ ಕಾಗದದ ಹಾಗೆ ಗಟ್ಟಿ. ಒಂದರ ಬೆನ್ನಲ್ಲಿ ಕಂಪಾಸಲ್ಲಿ ಕೊರೆದ ಹಾಗೆ ದುಂಡನೆ ತೂತು, ತೂತಿನ ಮುಚ್ಚಳ ಇನ್ನೂ ಅಂಚಿಗೆ ಅಂಟ್ಕೊಂಡಿದೆ. ಇದೇನಕ್ಕಾ?

ಬೇರುಗಂಟು:
ಅದು ಪುಟಾಣಿ ಕಣಜದ ಕೆಲಸ! ಹೆಣ್ಣು ಕಣಜ ಬದುಕಿರೋ ಹೇನಿನೊಳಗೆ ಒಂದು ಮೊಟ್ಟೆ ಚುಚ್ಚಿ ಹೋಗುತ್ತೆ, ಮರಿ ಒಳಗಿಂದ ಹೇನನ್ನ ತಿಂದು ಮುಗಿಸಿ, ಖಾಲಿ ಚರ್ಮದೊಳಗೇ ಕೋಶ ಕಟ್ಟಿ, ರೆಕ್ಕೆ ಬಂದ ಮೇಲೆ ಆ ಮುಚ್ಚಳ ಕೊರೆದು ಹಾರಿಹೋಗುತ್ತೆ. ತೂತಿಲ್ಲದ ಉಳಿದವುಗಳಲ್ಲಿ ಇನ್ನೂ ಮರಿ ಇರಬಹುದು, ಆ ಎಲೆಗೆ ಎಣ್ಣೆ ತಾಗಿಸ್ಬೇಡಿ. ಸಾಧ್ಯ ಆದ್ರೆ ಗಿಡದ ಬುಡಕ್ಕೆ ಅಂಟುಪಟ್ಟಿ ಸುತ್ತಿ ಇರುವೆ ಹತ್ತದ ಹಾಗೆ ಮಾಡಿ (ಕೊಂಬೆ ಕಿಟಕಿಗೆ ತಾಗಿದ್ರೆ ಅದನ್ನೂ ಸರಿಸಿ, ಇಲ್ಲಾಂದ್ರೆ ಅಲ್ಲಿಂದ ಬರ್ತವೆ), ಅದೇ ಥರದ ಇನ್ನೊಂದು ಗಿಡ ಇದ್ರೆ ಅದನ್ನ ಹಾಗೇ ಬಿಡಿ, ಎರಡರಲ್ಲೂ ಕಂದು ಹೇನು ಎಷ್ಟು, ಹಸಿರು ಹೇನು ಎಷ್ಟು ಅಂತ ದಿನಾ ಎಣಿಸಿ ಇಲ್ಲಿ ಹಾಕಿ.

ಕಲ್ಲುಹೂವು:
ಇನ್ನೊಂದು ಗಿಡ ಇದೆ, ಅದರಲ್ಲೂ ಹೇನು ಇದೆ. ಪಟ್ಟಿ ಸುತ್ತಿದೆ. ಮೊದಲ ದಿನದ ಲೆಕ್ಕ: ಪಟ್ಟಿ ಇರೋದರಲ್ಲಿ ಕಂದು 5, ಹಸಿರು 140ರ ಹತ್ರ. ಪಟ್ಟಿ ಇಲ್ಲದ್ರಲ್ಲಿ ಕಂದು 2, ಹಸಿರು ಎಣಿಸೋಕೆ ಆಗ್ತಿಲ್ಲ, ಇರುವೆ ಕೈಗೆ ಹತ್ತುತ್ತೆ.